ಸಂಜೆ ನಾಲ್ಕೂವರೆಯ ಹೊಟ್ಟೆನೋವು

ಕಲಬುರಗಿ ಜಿಲ್ಲೆಯ ಒಂದು ಬಾಲಕರ ವಸತಿ ಶಾಲೆಯಿಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಆಪ್ತಸಲಹೆಗೆ ಕಳುಹಿಸಿದ ನಿಲಯಪಾಲಕರು ಚೀಟಿಯಲ್ಲಿ ಒಂದೇ ಸಾಲು ಬರೆದಿದ್ದರು: 'ಆಟದ ವೇಳೆಗೆ ಸರಿಯಾಗಿ ಹೊಟ್ಟೆನೋವಿನ ನೆಪ ಹೇಳುತ್ತಾನೆ, ಬುದ್ಧಿ ಹೇಳಬೇಕು.' ಹುಡುಗ ಮತ್ತು ಅವನ ತಂದೆ ಇಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ವಸತಿ ಶಾಲೆಗಳಲ್ಲಿ ಪಠ್ಯೇತರ ಚಟುವಟಿಕೆಗಳ ಹೊಣೆ ಹೊತ್ತ ಶಿಕ್ಷಕರು ಓದಲಿ ಎಂಬುದು ನನ್ನ ಉದ್ದೇಶ.

ಹುಡುಗ ಯಾದಗಿರಿ ಜಿಲ್ಲೆಯಲ್ಲಿ ಭೀಮಾ ನದಿ ದಂಡೆಯ ಹಳ್ಳಿಯವನು, ಪರಿಶಿಷ್ಟ ಜಾತಿಗೆ ಸೇರಿದ ಕುಟುಂಬದವನು. ತಂದೆಯದು ತಲೆಮಾರಿನಿಂದ ಹಲಗೆ ಬಾರಿಸುತ್ತ ಬಂದ ಮನೆತನ. ಊರಲ್ಲಿ ಜಾತ್ರೆಯಾಗಲಿ, ಮದುವೆಯ ಮೆರವಣಿಗೆಯಾಗಲಿ, ಸಾವಾಗಲಿ, ಕರೆ ಬರುವುದು ಅವರ ಮನೆಗೆ. ಈ ಕೆಲಸಕ್ಕೆ ರಾಶಿಯ ಕಾಲದಲ್ಲಿ ಸಿಗುತ್ತಿದ್ದ ಆಯದ ಜೋಳ ಅವರ ಊರಲ್ಲಿ ಈಗ ಹೆಚ್ಚುಕಡಿಮೆ ನಿಂತೇಹೋಗಿರುವುದರಿಂದ, ತೊಗರಿ ರಾಶಿ ಮುಗಿಯುತ್ತಲೇ ತಂದೆತಾಯಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ಮಗ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಈ ಶಾಲೆಗೆ ಸೇರಿದವನು. ಗಣಿತದಲ್ಲಿ ಚುರುಕು, ಇಂಗ್ಲಿಷಿನಲ್ಲಿ ಸಾಧಾರಣ, ಮಾತು ಕಡಿಮೆ. ಮೂರು ವರ್ಷ ಅವನ ಬಗ್ಗೆ ಯಾವ ದೂರೂ ಇರಲಿಲ್ಲ.

ಮಕ್ಕಳ ಹೊಟ್ಟೆನೋವನ್ನು ಮೊದಲು ವೈದ್ಯರು ನೋಡಬೇಕು, ಆಪ್ತಸಲಹೆಗಾರರ ಸರದಿ ಆಮೇಲಿನದು. ತೂಕ ಇಳಿಯುವುದು, ಜ್ವರ, ಮತ್ತೆ ಮತ್ತೆ ವಾಂತಿ, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ನೋವು, ಇವುಗಳಲ್ಲಿ ಒಂದಿದ್ದರೂ ಮನಸ್ಸಿನ ಕಾರಣ ಹುಡುಕುತ್ತ ಕೂರಬಾರದು. ಈ ಹುಡುಗನಿಗೆ ಅವು ಯಾವುವೂ ಇರಲಿಲ್ಲ. ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎರಡೂ ಸರಿಯಾಗಿದ್ದವು, ಜಂತುಹುಳುವಿನ ಮಾತ್ರೆಯನ್ನೂ ಕೊಟ್ಟಾಗಿತ್ತು. ಆದರೂ ನೋವು ನಿಜವಾದದ್ದೇ. ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕವಿದ್ದು, ಬಾಯಿಬಿಟ್ಟು ಹೇಳಲಾಗದ ಅಂಜಿಕೆ ಮಕ್ಕಳಲ್ಲಿ ಬಹಳ ಸಲ ಹೊಕ್ಕುಳ ಸುತ್ತಲಿನ ನೋವಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ 'ನೆಪ' ಎಂಬ ಮಾತನ್ನು ಹುಡುಗನ ಮುಂದೆ ಯಾರೂ ಆಡಕೂಡದೆಂದು ನಿಲಯಪಾಲಕರನ್ನು ಮೊದಲಿಗೇ ಕೇಳಿಕೊಂಡೆ. ಜೊತೆಗೆ, ನೋವು ಯಾವ ದಿನ, ಎಷ್ಟು ಗಂಟೆಗೆ, ಯಾವ ಕೆಲಸಕ್ಕೆ ಮುಂಚೆ ಬಂತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ತಿಳಿಸಿದೆ.

ಆ ನೋಟ್‌ಬುಕ್ ಹೇಳಿದ ಸಂಗತಿಯೇ ಬೇರೆಯಾಗಿತ್ತು. ಶಾಲೆಯ ವೇಳಾಪಟ್ಟಿಯಲ್ಲಿ ಸಂಜೆ ನಾಲ್ಕೂವರೆಯಿಂದ ಆರರವರೆಗಿನ ಸಮಯಕ್ಕೆ 'ಆಟ ಮತ್ತು ಚಟುವಟಿಕೆ' ಎಂಬ ಒಂದೇ ಹೆಸರಿದ್ದರೂ ಹುಡುಗರು ಅಲ್ಲಿ ಮಾಡುತ್ತಿದ್ದುದು ಒಂದೇ ಕೆಲಸವಲ್ಲ. ಮಂಗಳವಾರ ಮತ್ತು ಗುರುವಾರ ಈ ಹುಡುಗ ಮೈದಾನದಲ್ಲಿ ಖೋ-ಖೋ ಆಡುತ್ತಿದ್ದ, ಆ ದಿನಗಳಲ್ಲಿ ಹೊಟ್ಟೆ ನೋಯುತ್ತಿರಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಪ್ರತಿಭಾ ಕಾರಂಜಿಯ ಜನಪದ ನೃತ್ಯಕ್ಕೆ ತಾಲೀಮು ನಡೆಯುತ್ತಿತ್ತು, ಆ ತಂಡಕ್ಕೆ ಹಲಗೆ ಬಾರಿಸಲು ಇವನನ್ನು ಹಾಕಿದ್ದರು. ನೋವಿನ ದಿನಗಳೆಲ್ಲ ಇವೇ.

ಮೊದಲ ಭೇಟಿಯಲ್ಲಿ ಹುಡುಗ ಕೇಳಿದ್ದಕ್ಕೆಲ್ಲ 'ಹೌದ್ರಿ ಸರ್', 'ಇಲ್ರಿ ಸರ್' ಎಂಬುದರಾಚೆ ಹೋಗಲಿಲ್ಲ. ಹಲಗೆಯ ಮಾತೆತ್ತದೆ ಖೋ-ಖೋ ಬಗ್ಗೆ ವಿಚಾರಿಸಿದೆ. ಎಂಟು ಜನ ಕೂತು ಒಬ್ಬ ಬೆನ್ನಟ್ಟುವ ಆ ಆಟದಲ್ಲಿ ಕಂಬದ ಹತ್ತಿರ ಹೇಗೆ ತಿರುಗಬೇಕು, ಸುಳ್ಳು ಹೆಜ್ಜೆ ಇಟ್ಟು ಓಡುವವನನ್ನು ಹೇಗೆ ಮೋಸಗೊಳಿಸಬೇಕು ಎಂಬುದನ್ನು ಹೇಳುತ್ತ ಹೇಳುತ್ತ ಎದ್ದು ನಿಂತು ತೋರಿಸಿಯೇಬಿಟ್ಟ. ಮತ್ತೆ ಕೂತಾಗ ಅವನ ಎರಡು ಬೆರಳು ಮೇಜಿನ ಅಂಚಿನ ಮೇಲೆ ತಾನೇ ತಾನಾಗಿ ತಾಳ ಹಾಕುತ್ತಿದ್ದವು, ನಾನು ನೋಡಿದ್ದು ಗೊತ್ತಾದೊಡನೆ ಕೈ ಕೆಳಗಿಳಿಸಿಕೊಂಡ. 'ಚಲೋ ಬಾರಿಸ್ತೀಯಲ್ಲ ತಮ್ಮಾ' ಎಂದೆ. 'ಬಾರಿಸಾಕ ಬರ್ತದ್ರಿ. ಆದ್ರ ಇಲ್ಲಿ ಬ್ಯಾಡ್ರಿ' ಎಂದ. ಈ ಪ್ರಕರಣದಲ್ಲಿ ನನಗೆ ದಾರಿ ತೋರಿದ್ದು ಆ 'ಇಲ್ಲಿ' ಎಂಬ ಮಾತು.

ಉಳಿದದ್ದು ಮುಂದಿನ ಭೇಟಿಗಳಲ್ಲಿ ತುಣುಕು ತುಣುಕಾಗಿ ಹೊರಬಂತು. ಜೂನ್ ತಿಂಗಳಲ್ಲಿ ಸಾಂಸ್ಕೃತಿಕ ಚಟುವಟಿಕೆಗಳ ಹೊಣೆಯ ಶಿಕ್ಷಕರು ಪ್ರವೇಶದ ಅರ್ಜಿಗಳನ್ನು ನೋಡಿ, ತಂದೆಯ ಉದ್ಯೋಗದ ಕಾಲಮಿನಲ್ಲಿದ್ದ ವಿವರವನ್ನು ಹಿಡಿದು, ಪ್ರಾರ್ಥನೆಗೆ ನೆರೆದ ಎಲ್ಲ ಹುಡುಗರ ಎದುರಿಗೆ 'ನಿಮ್ಮ ಮನ್ಯಾಗ ಹಲಗಿ ಬಾರಿಸ್ತಾರಲ್ಲ, ನೀ ತಂಡಕ್ಕ ಬಾ' ಎಂದು ಕರೆದಿದ್ದರು. ಅಲ್ಲಿಯತನಕ ಮೂರು ವರ್ಷ ಅವನು ಬರಿ ಗಣಿತದ ಹುಡುಗನಾಗಿದ್ದ. ಅದೇ ವಾರದಿಂದ ಊಟದ ಮನೆಯಲ್ಲಿ ಅವನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಹತ್ತನೆಯ ತರಗತಿಯ ಕೆಲವರು ಸ್ಟೀಲ್ ತಟ್ಟೆಯ ತಳವನ್ನು ಚಮಚೆಯಿಂದ ಬಡಿಯುತ್ತ 'ಯಾರ್ ಸತ್ತಾರಲೇ ಇವತ್ತ?' ಎಂದು ಕೇಳತೊಡಗಿದರು. ಹೆಣದ ಮುಂದೆ ಹಲಗೆ ಬಾರಿಸುತ್ತ ಹೋಗುವವರ ಮಗನಿಗೆ ಆ ಪ್ರಶ್ನೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗುತ್ತಿತ್ತು. ಬಡಿಸುವ ಸಿಬ್ಬಂದಿಗೆ ಇದು ಹುಡುಗಾಟದಂತೆ ಕಂಡಿತ್ತು. ಹುಡುಗ ರಾತ್ರಿಯ ಊಟವನ್ನು ಎಲ್ಲರೂ ಮುಗಿಸಿದ ಮೇಲೆ, ಉಳಿದ ರೊಟ್ಟಿಯಲ್ಲಿ ಮಾಡಿಕೊಳ್ಳುತ್ತಿದ್ದ.

ಶಿಕ್ಷಕರನ್ನು ಪ್ರತ್ಯೇಕವಾಗಿ ಕಂಡೆ. ಅವರು ಕೇಡು ಬಯಸುವವರಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಸಿನಿಮಾ ಹಾಡಿಗೆ ಕುಣಿಸುವುದು ಬಿಟ್ಟು ಈ ಭಾಗದ ಕಲೆಯನ್ನು ವೇದಿಕೆಗೆ ತರಬೇಕೆಂಬ ಹಟ ಅವರದು. ಹಲಗೆಯನ್ನು ಬೆಂಕಿಯ ಕಾವಿಗೆ ಹಿಡಿದು ಚರ್ಮ ಬಿಗಿಯಾಗುವವರೆಗೆ ಕಾಯಿಸಿ, ಒಂದು ಕೈಯ ಗಿಡ್ಡ ಕೋಲಿನಿಂದ ಪೆಟ್ಟು ಕೊಟ್ಟು ಇನ್ನೊಂದು ಕೈಯ ಸಣ್ಣ ಕಡ್ಡಿಯಿಂದ ಝಲಕು ತುಂಬುವುದನ್ನು ಇಡೀ ಶಾಲೆಯಲ್ಲಿ ಬಲ್ಲವನು ಇವನೊಬ್ಬನೇ ಎಂದು ಹೆಮ್ಮೆಯಿಂದ ವಿವರಿಸಿದರು. 'ಅದರಾಗ ಅವಮಾನ ಏನೈತ್ರಿ? ಕಲಾ ಅಲ್ಲೇನು?' ಎಂಬುದು ಅವರ ಪ್ರಶ್ನೆ. ಕಲೆಯಲ್ಲಿ ಅವಮಾನವಿಲ್ಲ, ನಿಜ. ಆದರೆ ಉಳಿದ ಹುಡುಗರನ್ನು 'ಯಾರಿಗೆ ಏನು ಬೇಕು' ಎಂದು ಕೇಳಿ, ಒಬ್ಬನನ್ನು ಮಾತ್ರ 'ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ' ಎಂದು ನೋಡಿ ಆರಿಸಿದಾಗ ಅವನಿಗೆ ಸಿಗುವುದು ಚಟುವಟಿಕೆಯಲ್ಲ, ಅಪ್ಪನ ಕಸುಬು. ನೃತ್ಯದ ಅದೇ ತಂಡದಲ್ಲಿ ಕುಣಿಯುವವರೆಲ್ಲ ತಾವಾಗಿ ಹೆಸರು ಕೊಟ್ಟವರು. ಹಲಗೆ ಕಲಿಯುತ್ತೀರಾ ಎಂದು ಅವರಲ್ಲಿ ಒಬ್ಬನನ್ನೂ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಎಷ್ಟು ಕೈ ಮೇಲೆ ಬರುತ್ತಿದ್ದವು ಎಂದು ನಾನು ಪ್ರಶ್ನಿಸಿದಾಗ ಶಿಕ್ಷಕರು ಉತ್ತರಿಸಲಿಲ್ಲ.

ತಂದೆ ಬೆಂಗಳೂರಿನಿಂದ ಬಂದವರು ಬಾಗಿಲ ಬಳಿಯೇ ನಿಂತಿದ್ದರು, ಕುರ್ಚಿಯಲ್ಲಿ ಕೂರಿಸಲು ಎರಡು ಮೂರು ಸಲ ಹೇಳಬೇಕಾಯಿತು. 'ಸರ್, ಆ ಹಲಗಿ ಬಿಡಿಸ್ಲಿಕ್ಕಂತನೇ ಸಾಲಿಗಿ ಹಾಕೀನ್ರಿ. ಇಲ್ಲೂ ಅದನ್ನೇ ಬಾರಸ್ತಾನಂದ್ರ ಊರಾಗೇ ಇರ್ತಿದ್ನಲ್ರಿ' ಎಂದರು. ಸ್ವಲ್ಪ ಹೊತ್ತು ಬಿಟ್ಟು, ಮಗ ತಮಗಿಂತ ಚೆನ್ನಾಗಿ ಬಾರಿಸುತ್ತಾನೆ ಎಂಬ ಮಾತನ್ನೂ ತಾವಾಗಿಯೇ ಸೇರಿಸಿದರು. ಈ ಎರಡೂ ಭಾವ ಮಗನಲ್ಲಿಯೂ ಇದ್ದವು, ಅವನ ಸಂಕಟಕ್ಕೆ ಅರ್ಧ ಕಾರಣ ಅದೇ. ಹಲಗೆಯನ್ನು ಅವನು ದ್ವೇಷಿಸುತ್ತಿರಲಿಲ್ಲ. ದ್ವೇಷಿಸುವುದು ಸಾಧ್ಯವಾಗಿದ್ದರೆ ಹೊಟ್ಟೆ ಇಷ್ಟು ನೋಯುತ್ತಿರಲಿಲ್ಲವೇನೋ.

ಹುಡುಗನಿಗೆ ಕೊಟ್ಟ ಸಲಹೆ ಸರಳವಾದದ್ದು. ಬರುವ ಕಲೆಯನ್ನು ಎಲ್ಲಿ, ಯಾರ ಮುಂದೆ, ಯಾವಾಗ ತೋರಿಸಬೇಕು ಅಥವಾ ತೋರಿಸಬಾರದು ಎಂಬುದು ಅವನ ನಿರ್ಧಾರ. ಈಗ ಬೇಡವೆಂದರೆ ಅದು ಅಪ್ಪನಿಗೆ ಮಾಡಿದ ದ್ರೋಹವಲ್ಲ, ಶಿಕ್ಷಕರಿಗೆ ತೋರಿದ ಅವಿಧೇಯತೆಯೂ ಅಲ್ಲ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯಲ್ಲಿ ಆಟ, ವಿರಾಮ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದನ್ನು ಮಗುವಿನ ಹಕ್ಕೆಂದು ಹೇಳಿದೆ. 12ನೆಯ ವಿಧಿ ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯವನ್ನು ಕೇಳಬೇಕೆನ್ನುತ್ತದೆ. ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ: 'ಹಂಗಾದ್ರ ಐದೂ ದಿನ ಖೋ-ಖೋ ಆಡಬೌದೇನ್ರಿ?' ಶಿಕ್ಷಕರಿಗೆ ತಾನೇ ಹೇಳಬೇಕಾದ ಮಾತನ್ನು ನನ್ನ ಎದುರು ಅಭ್ಯಾಸ ಮಾಡಿದ. ಮೊದಮೊದಲು ಕ್ಷಮೆ ಕೇಳುವಂತೆ ಶುರುವಾಗುತ್ತಿದ್ದ ಅವನ ವಾಕ್ಯ ಕೊನೆಗೆ 'ಸರ್, ನನಗ ತಂಡದಾಗ ಇರೂದು ಬ್ಯಾಡ್ರಿ, ಖೋ-ಖೋಕ್ಕ ಹೋಗ್ತೀನ್ರಿ' ಎಂಬಲ್ಲಿಗೆ ಬಂದು ನಿಂತಿತು. ನೋವು ಬಂದಾಗ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನವಾಗಿ ಉಸಿರು ಬಿಡುವ ಕ್ರಮವನ್ನೂ ಕಲಿಸಿದೆ. ಅದು ನೋವನ್ನು ತಗ್ಗಿಸುತ್ತದೆಯೇ ಹೊರತು ಕಾರಣವನ್ನಲ್ಲ.

ಶಾಲೆಗೆ ಹೇಳಬೇಕಾದದ್ದು ಹೆಚ್ಚಿತ್ತು. ಮುಖ್ಯಸ್ಥರು ಚುಡಾಯಿಸಿದ ಹುಡುಗರನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಿ ಎಲ್ಲರೆದುರು ಕ್ಷಮೆ ಕೇಳಿಸುವ ಯೋಚನೆಯಲ್ಲಿದ್ದರು. ಅದನ್ನು ನಾನು ಖಂಡಿತವಾಗಿ ವಿರೋಧಿಸಿದೆ, ಏಕೆಂದರೆ ಅದೇ ಜಾಗದಲ್ಲಿ ಒಮ್ಮೆ ಎಲ್ಲರ ಕಣ್ಣಿಗೆ ಬಿದ್ದ ಹುಡುಗನನ್ನು ಮತ್ತೊಮ್ಮೆ ನಿಲ್ಲಿಸಿದಂತಾಗುತ್ತಿತ್ತು; ಅದರ ಫಲವನ್ನು ಅವನು ರಾತ್ರಿ ಮಲಗುವ ಹಾಲ್‌ನಲ್ಲಿ ಉಣ್ಣಬೇಕಾಗುತ್ತಿತ್ತು. ಬದಲಿಗೆ ಆ ಹುಡುಗರನ್ನು ಒಬ್ಬೊಬ್ಬರನ್ನಾಗಿ, ಅವರ ಪಾಲಕರ ಸಮಕ್ಷಮದಲ್ಲಿ ಕರೆದು ಮಾತಾಡುವುದು, ಊಟದ ಮನೆಯಲ್ಲಿ ಒಂದು ತಿಂಗಳು ಒಬ್ಬ ಶಿಕ್ಷಕರು ಹುಡುಗರ ಜೊತೆಗೇ ಕೂತು ಉಣ್ಣುವುದು ಎಂದು ನಿಶ್ಚಯವಾಯಿತು. ಜಾತಿ ಹಿಡಿದು ನಡೆಸುವ ಅವಮಾನವನ್ನು ಹುಡುಗಾಟವೆಂದು ಮುಚ್ಚುವ ಅಧಿಕಾರ ಶಾಲೆಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸುತ್ತದೆ, ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಬೇರೆ ಇದೆ. ದೂರು ಕೊಡುವುದು ಅವರ ಹಕ್ಕೆಂಬುದನ್ನೂ, ಮಕ್ಕಳ ಸಹಾಯವಾಣಿ 1098 ಇರುವುದನ್ನೂ ತಂದೆಗೆ ಶಾಲೆಯವರ ಎದುರಿನಲ್ಲೇ ತಿಳಿಸಿದೆ. ಸದ್ಯಕ್ಕೆ ಬೇಡ, ನಿಲ್ಲದಿದ್ದರೆ ನೋಡೋಣ ಎಂದು ಅವರು ಹೇಳಿದ್ದನ್ನು ಹಾಗೆಯೇ ಬರೆದಿಟ್ಟುಕೊಂಡಿದ್ದೇವೆ.

ಚಟುವಟಿಕೆಗಳ ಹಂಚಿಕೆಯ ಬಗ್ಗೆ ನನ್ನ ಸಲಹೆಯನ್ನು ಶಾಲೆಯವರು ಪೂರ್ತಿಯಾಗಿ ಒಪ್ಪಲಿಲ್ಲ. ಪ್ರತಿ ಹುಡುಗ ಜೂನ್‌ನಲ್ಲಿ ತನಗೆ ಬೇಕಾದ ಎರಡು ಚಟುವಟಿಕೆಗಳನ್ನು ಚೀಟಿಯಲ್ಲಿ ಬರೆದು ಕೊಡಲಿ, ಆರು ವಾರದ ಮೇಲೆ ಕಾರಣ ಹೇಳದೆಯೇ ಒಂದನ್ನು ಬದಲಿಸಿಕೊಳ್ಳಲು ಬಿಡಿ ಎಂದಿದ್ದೆ. ಬದಲಿಸಲು ಬಿಟ್ಟರೆ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೇಲೇರಬೇಕಾದ ತಂಡಗಳೇ ನಿಲ್ಲುವುದಿಲ್ಲ ಎಂದರು. ಆ ಕಷ್ಟ ನನಗೂ ಗೊತ್ತು. ಆದರೆ ಮನೆ ಬಿಟ್ಟು ಬಂದ ಮಕ್ಕಳ ಬೆಳಗಿನಿಂದ ರಾತ್ರಿಯವರೆಗಿನ ಗಂಟೆಗಳನ್ನೆಲ್ಲ ಬೇರೆಯವರೇ ಗೊತ್ತುಮಾಡುವಲ್ಲಿ, ಹಗಲುಶಾಲೆಯ ಹುಡುಗನಂತೆ ಸಂಜೆ ಚೀಲ ಎಸೆದು ಓಣಿಗೆ ಓಡುವ ಅನುಕೂಲ ಇವರಿಗಿಲ್ಲದಿರುವಲ್ಲಿ, ಆ ಒಂದೂವರೆ ಗಂಟೆಯಾದರೂ ಅವರ ಕೈಯಲ್ಲಿರಬೇಕು. ಬಹುಮಾನದ ಕಪ್ಪುಗಳ ಕಪಾಟು ಅದಕ್ಕೆ ಅಡ್ಡ ಬಂದರೆ ಕಪಾಟನ್ನೇ ಸರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊನೆಗೆ ಚೀಟಿಯ ಪದ್ಧತಿಯನ್ನು ಒಪ್ಪಿದರು, ಬದಲಿಸುವ ಅವಕಾಶವನ್ನು ಎಂಟು ಮತ್ತು ಅದಕ್ಕಿಂತ ಕೆಳಗಿನ ತರಗತಿಗಳಿಗೆ ಮಾತ್ರ ಕೊಟ್ಟರು. ತಂದೆಯ ಉದ್ಯೋಗದ ಕಾಲಮ್ ಚಟುವಟಿಕೆಯ ಶಿಕ್ಷಕರ ಕೈಗೆ ಸಿಗದಂತೆ ಅರ್ಜಿಗಳು ಈಗ ಕಚೇರಿಯ ಬೀರುವಿನಲ್ಲಿವೆ.

ಹುಡುಗ ತಂಡ ಬಿಟ್ಟ. ಶಿಕ್ಷಕರಿಗೆ ಬೇಸರವಾಯಿತು, ಕೆಲವು ದಿನ ಅವನನ್ನು ಮಾತಾಡಿಸಲಿಲ್ಲ. ನೃತ್ಯಕ್ಕೆ ಧ್ವನಿಮುದ್ರಿಕೆ ಹಾಕಿಕೊಂಡು ಹೋದ ತಂಡ ತಾಲ್ಲೂಕು ಮಟ್ಟದಲ್ಲಿಯೇ ನಿಂತಿತು, ಅದಕ್ಕೂ ಇವನೇ ಕಾರಣವೆಂಬ ಮಾತು ಒಂದೆರಡು ಬಾಯಲ್ಲಿ ಬಂತು. ಹೊಟ್ಟೆನೋವು ಒಮ್ಮೆಲೇ ಹೋಗಲಿಲ್ಲ. ಖೋ-ಖೋ ದಿನಗಳಲ್ಲೂ ನಡುನಡುವೆ ಬಂದು, ದೀಪಾವಳಿ ರಜೆಯ ನಂತರ ಅಪರೂಪವಾಯಿತು. ತಟ್ಟೆ ಬಡಿಯುವುದು ನಿಂತಿದೆ, ಆದರೆ ಬಡಿಯುತ್ತಿದ್ದವರಲ್ಲಿ ಇಬ್ಬರು ಇಂದಿಗೂ ಅವನ ಪಕ್ಕ ಕೂರುವುದಿಲ್ಲ. ಅವರಿಬ್ಬರ ಜೊತೆ ನನ್ನ ಭೇಟಿಗಳು ಬೇರೆಯಾಗಿ ನಡೆದಿವೆ. ಶಾಲೆಯು ಈ ಪ್ರಕರಣ ಮುಗಿಯಿತೆಂದು ಬರೆದುಕೊಡಲು ಕೇಳಿದಾಗ ಆ ಕಾರಣಕ್ಕಾಗಿಯೇ ನಾನು ಒಪ್ಪದೆ, ಅವರು ಹತ್ತನೆಯ ತರಗತಿ ಮುಗಿಸಿ ಹೊರಡುವ ತನಕ ಇದನ್ನು ತೆರೆದಿಡುವಂತೆ ತಿಳಿಸಿದ್ದೇನೆ.