ನಷ್ಟದ ಕ್ಲಬ್ಬಿಗೆ ಕೇಮನ್ ವಿಳಾಸ ಏಕೆ?

ಓದುಗರ ಪತ್ರ: ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಹೆಚ್ಚಿನವು ನಷ್ಟದಲ್ಲೇ ನಡೆಯುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ಹಲವು ಕ್ಲಬ್ಬುಗಳ ಒಡೆತನ ತೆರಿಗೆ ಸ್ವರ್ಗಗಳಲ್ಲಿ, ಅಂದರೆ ತೆರಿಗೆ ಇಲ್ಲದ ಅಥವಾ ತೀರ ಕಡಿಮೆ ಇರುವ ನಾಡುಗಳಲ್ಲಿ, ಇದೆ ಎಂದೂ ಅದೇ ಲೇಖನದಲ್ಲಿದೆ. ಲಾಭವೇ ಇಲ್ಲದವರಿಗೆ ತೆರಿಗೆ ಉಳಿಸುವ ಚಿಂತೆ ಏಕೆ? ಇನ್ನೊಂದು ಮಾತು. ಬ್ಲ್ಯಾಕ್‌ಬರ್ನ್ ರೋವರ್ಸ್ ಕೊಂಡ ಪುಣೆಯ ಕೋಳಿ ಉದ್ಯಮ ವೆಂಕೀಸ್‌ನವರದೂ ಇದೇ ದಾರಿಯೇ? (ಓದುಗರೊಬ್ಬರು, ದಾವಣಗೆರೆ)

ಸಂಪಾದಕರ ಉತ್ತರ: ನಿಮ್ಮ ಮೊದಲ ಪ್ರಶ್ನೆ ನಮ್ಮ ಲೇಖನದ ಬುಡಕ್ಕೇ ಕೈ ಹಾಕಿದೆ. ಎರಡು ಮಾತನ್ನು ಅಕ್ಕಪಕ್ಕ ಇಟ್ಟೆವು, ನಡುವಿನ ಕೊಂಡಿ ಹೇಳಲಿಲ್ಲ. ‘ಸ್ವರ್ಗ’ ಎಂಬ ಮಾತೂ ಪತ್ರಿಕೆಯವರದೇ ಎಡವಟ್ಟು. ಇಂಗ್ಲಿಷಿನ ಮೂಲ ಪದ ‘ಹೇವನ್’ (haven), ಸ್ವರ್ಗವೆಂಬ ‘ಹೆವನ್’ ಅಲ್ಲ; ಅದಕ್ಕಿರುವ ಅರ್ಥ ಬಂದರು, ಆಶ್ರಯದ ತಾಣ. ಕ್ಲಬ್ಬಿನ ಮಾಲೀಕರು ಅಲ್ಲಿಗೆ ಹೋಗುವುದು ವರ್ಷದ ಲಾಭದ ತೆರಿಗೆ ತಪ್ಪಿಸಲೆಂದೇ ಅಲ್ಲ. ಆ ಲಾಭ ಇಲ್ಲವೆಂದು ನೀವೇ ಹೇಳಿದಿರಿ. ಹೋಗುವುದು ಬಹುಮಟ್ಟಿಗೆ ಹೆಸರಿಗೊಂದು ಮುಸುಕು ಹಾಕಲು. ತೆರಿಗೆಯ ಅನುಕೂಲ ಅದರ ಬೆನ್ನಿಗೇ ಬರುತ್ತದೆ, ಅದೂ ಕ್ಲಬ್ಬು ಮಾರುವ ದಿನ.

ಮಾರುವ ದಿನದ ಲೆಕ್ಕ ಸರಳ. ಬ್ರಿಟನ್ನಿನಲ್ಲಿ ನೆಲೆಸದ ವ್ಯಕ್ತಿಯೋ ಕಂಪನಿಯೋ ಬ್ರಿಟಿಷ್ ಕಂಪನಿಯ ಷೇರು ಮಾರಿ ಗಳಿಸಿದ ಲಾಭಕ್ಕೆ ಆ ದೇಶ ಸಾಮಾನ್ಯವಾಗಿ ತೆರಿಗೆ ಹಾಕುವುದಿಲ್ಲ. 2019ರ ಏಪ್ರಿಲ್‌ನಿಂದ ಒಂದು ದೊಡ್ಡ ಅಪವಾದ ಬಂದಿದೆ: ಕಂಪನಿಯ ಮೌಲ್ಯದ ಶೇ. 75ರಷ್ಟು ಬ್ರಿಟನ್ನಿನ ಜಮೀನು, ಕಟ್ಟಡಗಳಿಂದ ಬಂದಿದ್ದರೆ ತೆರಿಗೆ ಬೀಳಬಹುದು. ಫುಟ್‌ಬಾಲ್ ಕ್ಲಬ್ಬಿನ ಬೆಲೆಯಲ್ಲಿ ಆಟಗಾರರ ಕರಾರು, ಟೀವಿ ಹಣ, ಹೆಸರು ಇವುಗಳ ಪಾಲು ದೊಡ್ಡದಾದ್ದರಿಂದ ಆ ಗೆರೆ ಮುಟ್ಟುವುದು ಅಪರೂಪ. ಉಳಿದದ್ದು ಮಾಲೀಕನ ಸ್ವಂತ ನೆಲೆ. ಟಾಟನ್‌ಹ್ಯಾಮ್ ಕ್ಲಬ್ಬು 2001ರಿಂದ ಎನಿಕ್ ಎಂಬ ಕಂಪನಿಯ ಹಿಡಿತದಲ್ಲಿದೆ. ಅದು ನೋಂದಣಿಯಾಗಿರುವುದು ಬಹಾಮಾಸ್‌ನಲ್ಲಿ, ಅದರ ಹಿಂದಿದ್ದ ಜೋ ಲೂಯಿಸ್ ವಾಸವೂ ಅಲ್ಲೇ. ಬಹಾಮಾಸ್‌ನಲ್ಲಿ ವ್ಯಕ್ತಿಗಳಿಗೆ ಆದಾಯ ತೆರಿಗೆಯೂ ಇಲ್ಲ, ಬಂಡವಾಳ ಲಾಭದ ತೆರಿಗೆಯೂ ಇಲ್ಲ. ವರ್ಷವರ್ಷ ನಷ್ಟ ತೋರಿಸಿದ ಕ್ಲಬ್ಬನ್ನೂ ಕೊಂಡದ್ದಕ್ಕಿಂತ ಹತ್ತಾರು ಪಟ್ಟು ಬೆಲೆಗೆ ಮಾರಬಹುದು.

ವಿದೇಶಿ ವಿಳಾಸದ ಎರಡನೆಯ ಉಪಯೋಗ ಸಾಲ. ಮಾಲೀಕ ತನ್ನ ಹಣವನ್ನು ಷೇರು ಬಂಡವಾಳವಾಗಿ ಹಾಕುವ ಬದಲು ಇಂಗ್ಲಿಷ್ ಕಾಲುವೆಯ ಜೆರ್ಸಿ ದ್ವೀಪದ ತನ್ನದೇ ಕಂಪನಿಯಿಂದ ಸಾಲವಾಗಿ ಕೊಡಿಸುತ್ತಾನೆ ಎನ್ನಿ. ಐದು ಕೋಟಿ ಪೌಂಡ್ ಸಾಲ, ಶೇ. 10 ಬಡ್ಡಿ. ವರ್ಷಕ್ಕೆ 50 ಲಕ್ಷ ಪೌಂಡ್ ಬಡ್ಡಿ ಹೊರಗೆ ಹೋಗುವಾಗ ಶೇ. 20ರಂತೆ 10 ಲಕ್ಷವನ್ನು ಮೂಲದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ನಮ್ಮ ಟಿಡಿಎಸ್ ಇದ್ದ ಹಾಗೆ. ಅದೇ ಸಾಲವನ್ನು ಬಾಂಡ್ ರೂಪಕ್ಕೆ ತಿರುಗಿಸಿ ಪಕ್ಕದ ಗರ್ನ್ಸಿ ದ್ವೀಪದಲ್ಲಿ ಕಚೇರಿ ಇರುವ ಇಂಟರ್‌ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನ ಪಟ್ಟಿಗೆ ಸೇರಿಸಿದರೆ ಆ ಮೂಲದ ಕಡಿತ ಸೊನ್ನೆ. ಬಾಂಡ್ ಪೇಟೆಯಲ್ಲಿ ಒಂದು ಸಲವೂ ಕೈ ಬದಲಾಗಬೇಕಿಲ್ಲ, ಪಟ್ಟಿಯಲ್ಲಿದ್ದರೆ ಸಾಕು. ಬಡ್ಡಿಯನ್ನು ಖರ್ಚಾಗಿ ತೋರಿಸಲು 2017ರಿಂದ ಮಿತಿಯಿದೆ: ವರ್ಷಕ್ಕೆ 20 ಲಕ್ಷ ಪೌಂಡ್‌ವರೆಗೆ ತಕರಾರಿಲ್ಲ, ಅದರಾಚೆಗೆ ಸಾಮಾನ್ಯವಾಗಿ ಬಡ್ಡಿ, ಸವಕಳಿಗೆ ಮುಂಚಿನ ಗಳಿಕೆಯ ಶೇ. 30.

ಆದರೆ ಸಾಲದ ನಿಜವಾದ ಬಲ ಕಾಣುವುದು ಕ್ಲಬ್ಬು ದಿವಾಳಿಯಾದಾಗ. ಷೇರುದಾರ ಸಾಲಿನ ಕಟ್ಟಕಡೆಯವನು. ಸಾಲ ಕೊಟ್ಟವನಿಗೆ ಮಾತ್ರ ಆ ದಿನ ಮತವಿದೆ. ಇದನ್ನು ಹತ್ತಿರದಿಂದ ನೋಡಬೇಕೆಂದರೆ ಲೀಡ್ಸ್ ಯುನೈಟೆಡ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

2005ರ ಜನವರಿಯಲ್ಲಿ ಕೆನ್ ಬೇಟ್ಸ್ ಲೀಡ್ಸ್‌ನ ಅಧ್ಯಕ್ಷರಾದರು. ಒಡೆತನ ಮಾತ್ರ ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪಗಳಲ್ಲಿ ನೋಂದಾಯಿಸಿ ಜಿನೀವಾದಿಂದ ನಡೆಸುತ್ತಿದ್ದ ಫಾರ್ವರ್ಡ್ ಸ್ಪೋರ್ಟ್ಸ್ ಫಂಡ್ ಎಂಬುದರದು. ಎಲ್ಲೆಂಡ್ ರೋಡ್ ಮೈದಾನವನ್ನು 2004ರಲ್ಲೇ ಮಾರಿಯಾಗಿತ್ತು, ಮುಂದೆ ಅದು ಬ್ರಿಟಿಷ್ ವರ್ಜಿನ್ ದ್ವೀಪಗಳ ಟೀಕ್ ಕಮರ್ಷಿಯಲ್ ಎಂಬ ಕಂಪನಿಯ ಹೆಸರಿನಲ್ಲಿತ್ತು. ಕ್ಲಬ್ಬು ಒಂದು ದ್ವೀಪದಲ್ಲಿ, ಮೈದಾನ ಇನ್ನೊಂದರಲ್ಲಿ. 2007ರ ಮೇ ತಿಂಗಳಲ್ಲಿ ಸುಮಾರು 3.5 ಕೋಟಿ ಪೌಂಡ್ ಸಾಲದೊಂದಿಗೆ ಕ್ಲಬ್ಬು ದಿವಾಳಿ ಪ್ರಕ್ರಿಯೆ ನಡೆಸುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಅದರಲ್ಲಿ ದೊಡ್ಡ ಪಾಲು ಆಸ್ಟರ್ ಎಂಬ ವಿದೇಶಿ ಕಂಪನಿಗೆ ಸೇರಬೇಕಿತ್ತು. ಕ್ಲಬ್ಬು ಬೇಟ್ಸ್ ಗುಂಪಿಗೇ ಮರಳಿದರೆ ಮಾತ್ರ ತನ್ನ ಬಾಕಿ ಬಿಡುತ್ತೇನೆ, ಬೇರೆಯವರಿಗಾದರೆ ಇಲ್ಲ ಎಂದು ಆಸ್ಟರ್ ಹೇಳಿತು. ಆಸ್ಟರ್‌ಗೂ ಬೇಟ್ಸ್ ಗುಂಪಿಗೂ ಸಂಬಂಧವಿಲ್ಲ ಎಂಬುದು ಅಧಿಕೃತ ಹೇಳಿಕೆ. ಅಷ್ಟು ದೊಡ್ಡ ಸಾಲ ಕೊಟ್ಟವರು ಹೀಗೆ ಕೂತ ಮೇಲೆ ಬೇರೆ ಗಿರಾಕಿಗಳ ಗತಿ ಏನೆಂದು ನೀವೇ ಊಹಿಸಿ.

ಬಾಕಿ ಬರಬೇಕಿದ್ದವರಿಗೆ ಮೊದಲು ಬಂದ ಕೊಡುಗೆ ಪೌಂಡಿಗೆ ಒಂದು ಪೆನ್ನಿ. ಈ ಒಪ್ಪಂದದ ಅಂಗೀಕಾರಕ್ಕೆ ಬೇಕಿದ್ದದ್ದು ಶೇ. 75 ಮತ, ಮೊದಲ ಎಣಿಕೆಯಲ್ಲಿ ಬಿದ್ದದ್ದು ಶೇ. 75.02. ಇಲ್ಲೇ ಲಾಭವಿಲ್ಲದವರಿಗೆ ತೆರಿಗೆಯ ಚಿಂತೆ ಏಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಕ್ಲಬ್ಬಿನ ತೆರಿಗೆ ಎಂದರೆ ಮುಖ್ಯವಾಗಿ ಆಟಗಾರರ ಸಂಬಳದಿಂದ ಹಿಡಿದ ತೆರಿಗೆ ಮತ್ತು ಟಿಕೆಟಿನ ಮೇಲಿನ ವ್ಯಾಟ್. ನಷ್ಟವಿದ್ದರೂ ಇವು ತಪ್ಪುವುದಿಲ್ಲ. ಲೀಡ್ಸ್ ಹೀಗೆ ಕಟ್ಟದೆ ಬಾಕಿ ಉಳಿಸಿಕೊಂಡದ್ದು ಸುಮಾರು 70 ಲಕ್ಷ ಪೌಂಡ್. ಲೀಗ್ ನಿಯಮದಂತೆ ಆಟಗಾರರಿಗೆ, ಬೇರೆ ಕ್ಲಬ್ಬುಗಳಿಗೆ ಕೊಡಬೇಕಾದ ಹಣ ಪೂರ್ತಿ ಸಲ್ಲಲೇಬೇಕು. ತೆರಿಗೆ ಇಲಾಖೆಗೆ ಅಂಥ ಆದ್ಯತೆ ಆಗ ಇರಲಿಲ್ಲ, ಭಾಗಶಃ ಮರಳಿದ್ದು 2020ರ ಡಿಸೆಂಬರ್‌ನಲ್ಲಿ. ಇಲಾಖೆ ಕೋರ್ಟಿಗೆ ಹೋಯಿತು. ಆಡಳಿತಾಧಿಕಾರಿಗಳು ಆ ಒಪ್ಪಂದವನ್ನು ಬಿಟ್ಟು ಕ್ಲಬ್ಬನ್ನು ಬೇಟ್ಸ್ ಗುಂಪಿಗೇ ನೇರವಾಗಿ ಮಾರಿದರು. ಒಪ್ಪಂದವಿಲ್ಲದೆ ದಿವಾಳಿ ಪ್ರಕ್ರಿಯೆಯಿಂದ ಹೊರಬಂದದ್ದಕ್ಕೆ ಲೀಗ್ 15 ಅಂಕ ಕಳೆಯಿತು. ಆ ಋತುವಿನಲ್ಲಿ ಲೀಡ್ಸ್ 76 ಅಂಕಕ್ಕೆ ಐದನೇ ಸ್ಥಾನದಲ್ಲಿ ನಿಂತಿತು. 91 ಆಗಿದ್ದರೆ ಎರಡನೇ ಸ್ಥಾನ, ನೇರ ಬಡ್ತಿ. ಲೆಕ್ಕಪತ್ರದ ದಂಡ ತೆತ್ತವರು ಗ್ಯಾಲರಿಯ ಮಂದಿ.

ಮಾಲೀಕರು ಯಾರು? 2009ರಲ್ಲಿ ಜೆರ್ಸಿಯ ಕೋರ್ಟಿನಲ್ಲಿ ಬೇಟ್ಸ್ ತಾವೂ ಜಂಟಿ ಒಡೆಯರೆಂಬ ಹೇಳಿಕೆ ಸಲ್ಲಿಕೆಯಾಯಿತು, ಆಮೇಲೆ ಅದು ತಪ್ಪಾಗಿ ಬಂತೆಂದು ತಿದ್ದಿದರು. ಸಂಸತ್ ಸಮಿತಿಯ ಮುಂದೆ ಕ್ಲಬ್ಬಿನ ಮುಖ್ಯ ಕಾರ್ಯನಿರ್ವಾಹಕ ಶಾನ್ ಹಾರ್ವಿ ತಮಗೆ ಮಾಲೀಕರು ಯಾರೆಂದು ಗೊತ್ತಿಲ್ಲವೆಂದರು. ಸಂಬಳ ಕೊಡುವ ಧಣಿ ಯಾರೆಂದು ತಿಳಿಯದ ಮೇಸ್ತ್ರಿ! ಪ್ರೀಮಿಯರ್ ಲೀಗಿಗೆ ಬಂದರೆ ಹೆಸರು ಹೇಳಲೇಬೇಕೆಂಬ ಮಾತು ಕೇಳಿಬಂದ ಮೇಲೆ, 2011ರ ಮೇ ತಿಂಗಳಲ್ಲಿ ಬೇಟ್ಸ್ ತಾವೇ ಕ್ಲಬ್ಬನ್ನು ಕೊಂಡುದಾಗಿ ಪ್ರಕಟಿಸಿದರು. ಕೊಂಡ ಕಂಪನಿಯ ಹೆಸರು ಔಟ್ರೊ, ನೋಂದಣಿ ನೆವಿಸ್ ದ್ವೀಪದಲ್ಲಿ.

ಹಾಗೆಂದು ಕೇಮನ್ ವಿಳಾಸ ಕಂಡಲ್ಲೆಲ್ಲ ಬೇನಾಮಿ ಎಂದು ಕೂಗಬೇಡಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಮೂಲ ಕಂಪನಿಯೂ ಕೇಮನ್‌ನದೇ. 2012ರಲ್ಲಿ 14 ಡಾಲರ್‌ಗೊಂದರಂತೆ ನ್ಯೂಯಾರ್ಕ್ ಷೇರುಪೇಟೆಗೆ ಬಂದ ಅದರ ಹಿಡಿತ ಗ್ಲೇಜರ್ ಕುಟುಂಬದ್ದು ಎಂಬುದು ಜಗಜ್ಜಾಹೀರು. ಅಮೆರಿಕದ ನಿಯಂತ್ರಕರಿಗೆ ಸಲ್ಲಿಸುವ ವರದಿಗಳನ್ನು ಯಾರಾದರೂ ಓದಬಹುದು. ಅಲ್ಲಿ ಕೇಮನ್‌ನಿಂದ ಸಿಕ್ಕ ಲಾಭ ಹಿಡಿತ: ಸಾಮಾನ್ಯ ಷೇರಿಗೆ ಒಂದು ಮತ, ಕುಟುಂಬದ ಷೇರಿಗೆ ಹತ್ತು. ಅಭಿಮಾನಿಗಳ ಸಿಟ್ಟು 2005ರ ಖರೀದಿಯ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದ್ದರ ಮೇಲೆ, ಅದು ನ್ಯಾಯವಾದದ್ದೇ.

ನಿಮಗೇ ಪರೀಕ್ಷಿಸುವ ಆಸೆಯಿದ್ದರೆ ಬ್ರಿಟನ್ನಿನ ಕಂಪನೀಸ್ ಹೌಸ್ ಜಾಲತಾಣ ಉಚಿತ. ಕ್ಲಬ್ಬಿನ ಹೆಸರು ಹಾಕಿ, ‘ಪೀಪಲ್’ ವಿಭಾಗದಲ್ಲಿ ಶೇ. 25ಕ್ಕಿಂತ ಹೆಚ್ಚು ಹಿಡಿತವುಳ್ಳವರ ಪಟ್ಟಿ ನೋಡಿ. ಈ ಪಟ್ಟಿ 2016ರಿಂದ ಇದೆ. ಅಲ್ಲಿ ಇನ್ನೊಂದು ಕಂಪನಿಯ ಹೆಸರಿದ್ದರೆ ಅದನ್ನು ಹುಡುಕಿ, ಹೀಗೆ ಮೇಲೇರುತ್ತಾ ಹೋಗಿ. ಜೆರ್ಸಿ, ನೆವಿಸ್ ಬಂದಲ್ಲಿ ಏಣಿ ಮುರಿಯುತ್ತದೆ. ಆಗ ವಾರ್ಷಿಕ ಲೆಕ್ಕಪತ್ರದ ಕೊನೆಯ ಟಿಪ್ಪಣಿಗಳಿಗೆ ಬನ್ನಿ. ‘ಅಂತಿಮ ನಿಯಂತ್ರಕ’, ‘ಸಂಬಂಧಿತರೊಡನೆ ವ್ಯವಹಾರ’ ಎಂಬ ಎರಡು ಟಿಪ್ಪಣಿಗಳಲ್ಲಿ ಬೇಕಾದ್ದು ಎಷ್ಟೋ ಇರುತ್ತದೆ. ‘ಚಾರ್ಜಸ್’ ವಿಭಾಗ ನಮ್ಮಲ್ಲಿ ಇಸಿ ತೆಗೆಸಿದ ಹಾಗೆ, ಯಾವ ಆಸ್ತಿ ಯಾರಲ್ಲಿ ಅಡವು ಎಂಬುದು ಅಲ್ಲಿದೆ. ಮೈದಾನದ ಒಡೆತನಕ್ಕೆ ಬೇರೆ ದಾರಿ: 2022ರ ಆಗಸ್ಟ್‌ನಿಂದ ಬ್ರಿಟನ್ನಿನಲ್ಲಿ ಜಮೀನು ಹೊಂದಿದ ವಿದೇಶಿ ಕಂಪನಿಗಳು ಪ್ರತ್ಯೇಕ ಪಟ್ಟಿಯಲ್ಲಿ ಫಲಾನುಭವಿಯ ವಿವರ ಕೊಡಬೇಕು. ಷೇರನ್ನಷ್ಟೇ ಹೊಂದಿದವರಿಗೆ ಈ ಪಟ್ಟಿ ಅನ್ವಯಿಸುವುದಿಲ್ಲ, ಎಡವುವುದು ಇಲ್ಲೇ. ನಾಲ್ಕು ಬಂಧುಗಳು ತಲಾ ಶೇ. 24 ಹಿಡಿದಿದ್ದರೆ ಮೊದಲ ಪಟ್ಟಿಯೂ ಖಾಲಿ ಕಾಣಬಹುದು. 2025ರ ಜುಲೈನಲ್ಲಿ ಅಂಗೀಕಾರವಾದ ಫುಟ್‌ಬಾಲ್ ಆಡಳಿತ ಕಾಯ್ದೆ ಸ್ವತಂತ್ರ ನಿಯಂತ್ರಕರನ್ನು ತಂದಿದೆ. ಅಂತಿಮ ಮಾಲೀಕ ಯಾರು, ಹಣದ ಮೂಲ ಯಾವುದು ಎಂದು ಕೇಳುವ ಅಧಿಕಾರ ಅವರಿಗಿದೆ. ಕೇಮನ್ ವಿಳಾಸವನ್ನೇನೂ ಅದು ನಿಷೇಧಿಸಿಲ್ಲ.

ಇನ್ನು ವೆಂಕೀಸ್. 2010ರ ನವೆಂಬರ್‌ನಲ್ಲಿ 2.3 ಕೋಟಿ ಪೌಂಡ್‌ಗೆ ಬ್ಲ್ಯಾಕ್‌ಬರ್ನ್ ಕೊಂಡದ್ದು ವೆಂಕೀಸ್ ಲಂಡನ್ ಎಂಬ ಬ್ರಿಟಿಷ್ ಕಂಪನಿಯ ಮೂಲಕ. ಅದರ ಹಿಂದೆ ಯಾರಿದ್ದಾರೆಂದು ಬ್ಲ್ಯಾಕ್‌ಬರ್ನ್‌ನ ಪ್ರತಿ ಅಭಿಮಾನಿಗೂ ಗೊತ್ತು, ಬೈಯುವಾಗ ಹೆಸರು ಹಿಡಿದೇ ಬೈಯುತ್ತಾರೆ. ಅವರ ತೊಡಕು ಬೇರೆ. ಹಣ ಭಾರತದಿಂದಲೇ ಹೋಗಬೇಕು, ಅದು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಜಾರಿ ನಿರ್ದೇಶನಾಲಯದ ತನಿಖೆಯ ನಡುವೆ, 2023ರಿಂದ ಈಚೆಗೆ ಕ್ಲಬ್ಬಿಗೆ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಬೇಕಾಯಿತು, ಜೊತೆಗೆ ಬ್ಯಾಂಕ್ ಗ್ಯಾರಂಟಿಯನ್ನೂ ಇಡಬೇಕಾಯಿತು. ಹೀಗಾಗಿ ಬ್ಲ್ಯಾಕ್‌ಬರ್ನ್‌ನ ಆಟಗಾರರ ಸಂಬಳದ ಹಣ ದೆಹಲಿಯ ವಾಯಿದೆಯನ್ನು ಕಾಯುವಂತಾಯಿತು.