ಶಕ್ತಿ ಜಾಸ್ತಿ ಇದ್ದರೆ ಕನ್ಸೋಲ್ ಗೆಲ್ಲುತ್ತಾ?

ಟಿವಿಗೆ ಜೋಡಿಸಿ ಗೇಮ್ ಆಡುವ ಕನ್ಸೋಲ್‌ಗಳಲ್ಲಿ, ಸೋನಿಯ ಪ್ಲೇಸ್ಟೇಷನ್ 3ರಷ್ಟು ಶಕ್ತಿ ಇಲ್ಲದ ನಿಂಟೆಂಡೊದ ವೀ ಅದಕ್ಕಿಂತ ಹೆಚ್ಚು ಹೇಗೆ ಮಾರಾಟವಾಯಿತು, ಕಲಬುರಗಿಯಲ್ಲಿ ಈಗ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತಗೋಬಹುದಾ ಅಂತ ಕೇಳಿದ್ದೀರಿ.

ಮೊದಲು ಬೆಲೆ ನೋಡಿ ಸರ್. 2006ರಲ್ಲಿ ಅಮೆರಿಕದಲ್ಲಿ ವೀಗೆ 250 ಡಾಲರ್. ಪ್ಲೇಸ್ಟೇಷನ್ 3ರ ಎರಡು ಮಾದರಿಗಳಿಗೆ 500, 600 ಡಾಲರ್. ಸೋನಿ ಅದರಲ್ಲಿ ಸೆಲ್ ಅನ್ನೋ ಪ್ರೊಸೆಸರ್ (ಮುಖ್ಯ ಚಿಪ್) ಜೊತೆ ಬ್ಲೂ-ರೇ ಡಿಸ್ಕ್ ಓದುವ ಡ್ರೈವ್ ಕೂಡ ಹಾಕಿತ್ತು. ಅಷ್ಟು ಬೆಲೆ ಇಟ್ಟರೂ ಶುರುವಿನಲ್ಲಿ ಕಂಪನಿಗೆ ನಷ್ಟವೇ. ಸೆಲ್‌ಗೆ ಗೇಮ್ ಮಾಡೋದೂ ಕಷ್ಟವಿತ್ತು. ಹಾಗಾಗಿ ಪ್ಲೇಸ್ಟೇಷನ್ 3 ಮತ್ತು ಆಗಿನ ಮೈಕ್ರೋಸಾಫ್ಟ್ ಕನ್ಸೋಲ್ ಎಕ್ಸ್‌ಬಾಕ್ಸ್ 360 ಎರಡಕ್ಕೂ ಬಂದ ಎಷ್ಟೋ ಗೇಮ್‌ಗಳು ಎಕ್ಸ್‌ಬಾಕ್ಸ್ 360ರಲ್ಲೇ ಚೆನ್ನಾಗಿ ಓಡುತ್ತಿದ್ದವು. ಒಳಗಿನ ಶಕ್ತಿ ಟಿವಿ ಮೇಲೆ ಕಾಣದಿದ್ದರೆ ಏನು ಪ್ರಯೋಜನ, ಅಲ್ವಾ? ವೀ ಕೈ ಬೀಸಿ ಆಡುವ ಆಟಗಳಿಂದ ಮನೆಮಂದಿಯನ್ನೆಲ್ಲ ಸೆಳೆದು 10 ಕೋಟಿ ದಾಟಿತು.

ಹಾಗಂತ ಶಕ್ತಿ ಸುಮ್ನೆ ಅಲ್ಲ. 2013ರಲ್ಲಿ ಪ್ಲೇಸ್ಟೇಷನ್ 4 ಹೆಚ್ಚು ಶಕ್ತಿಯದ್ದಾಗಿದ್ದೂ 399 ಡಾಲರ್‌ಗೆ ಬಂತು. ಮೈ ಚಲನೆ ಗುರುತಿಸುವ ಕೈನೆಕ್ಟ್ ಕ್ಯಾಮೆರಾ ಸೇರಿಸಿ ಕೊಟ್ಟ ಎಕ್ಸ್‌ಬಾಕ್ಸ್ ಒನ್‌ಗೆ 499. ಅಲ್ಲಿಗೆ ಪೈಪೋಟಿ ಹೆಚ್ಚು ಕಡಿಮೆ ಮುಗಿಯಿತು.

ಸೀರೀಸ್ ಎಸ್ ಅಗ್ಗ ನಿಜ, ಆದರೆ ಡಿಸ್ಕ್ ಡ್ರೈವ್ ಇಲ್ಲ. ನಿಮ್ಮೂರಿನ ಸೂಪರ್ ಮಾರ್ಕೆಟ್ ಏರಿಯಾ ಕಡೆ ಹಳೆ ಗೇಮ್ ಡಿಸ್ಕ್ ಸಿಕ್ಕರೂ ಹಾಕೋಕಾಗಲ್ಲ. ಎಲ್ಲ ಗೇಮ್ ಡೌನ್‌ಲೋಡ್ ಮಾಡಬೇಕು. ಮೊದಲು ಮನೆಯ ಇಂಟರ್ನೆಟ್ ವೇಗ ನೋಡಿಕೊಳ್ಳಿ.