ಹಳೆಯ ಮನೆ ವಿಡಿಯೋ ಟೇಪುಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಸರಿಮಾಡುವುದು ಹೇಗೆ?

ನಿಮ್ಮ ಹತ್ತಿರ ಒಂದಿಷ್ಟು ವಿಎಚ್‌ಎಸ್ ಕ್ಯಾಸೆಟ್ಟುಗಳೂ ಕೆಲವು ಮಿನಿ ಡಿವಿ ಟೇಪುಗಳೂ ಇವೆ, ಒಂದನ್ನು ಕಂಪ್ಯೂಟರ್‌ಗೆ ಇಳಿಸಿ ನೋಡಿದರೆ ಯಾರಾದರೂ ಅಲ್ಲಾಡಿದ ಕೂಡಲೇ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬರುತ್ತದೆ, ಮಾತು ತುಟಿಗೆ ಹೊಂದುವುದಿಲ್ಲ, ಯಾವ ಸಾಫ್ಟ್‌ವೇರ್‌ನಲ್ಲಿ ಸರಿಮಾಡಲಿ ಎಂದು ಕೇಳಿದ್ದೀರಿ. ಸಾಫ್ಟ್‌ವೇರ್ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಟೇಪಿನಿಂದ ಚಿತ್ರ ಹೊರಗೆ ಬರುವ ದಾರಿ ಸರಿ ಇರಬೇಕು. ಅಲ್ಲಿ ಕಳೆದದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಇದು ನನಗೆ ಗೊತ್ತಾದದ್ದು ಅಕ್ಕನ ಮದುವೆ ಟೇಪಿನಿಂದ. ಪ್ಲೇಯರ್‌ನ ಚಿತ್ರವನ್ನು ಕಂಪ್ಯೂಟರ್‌ಗೆ ಇಳಿಸುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸಾಧನದ ಜೊತೆ ಬಂದಿದ್ದ ಸಾಫ್ಟ್‌ವೇರ್‌ನಲ್ಲೇ ಇಳಿಸಿದ್ದೆ. ಅದು ನೇರವಾಗಿ ಚಿಕ್ಕ ಎಂಪಿ4 ಮಾಡಿಬಿಟ್ಟಿತು, ಗೆರೆಗಳನ್ನು ತೆಗೆಯಲು ಚಿತ್ರವನ್ನೇ ಕಲಸಿ ಮಸುಕು ಮಾಡಿತ್ತು. ಎರಡು ವರ್ಷ ಬಿಟ್ಟು ಚೆನ್ನಾಗಿ ಮಾಡೋಣ ಅಂತ ಟೇಪು ತೆಗೆದರೆ ಬೂಷ್ಟು ಹಿಡಿದಿತ್ತು. ಕ್ಲೀನ್ ಮಾಡಿಸಿದ ಮೇಲೂ ಮಧ್ಯದ ಒಂದು ಭಾಗ ಓದಲೇ ಇಲ್ಲ. ಆ ಭಾಗಕ್ಕೆ ಈಗ ಆ ಮಸುಕು ಫೈಲೇ ಗತಿ.

ಮಿನಿ ಡಿವಿ ವಿಷಯ ಸುಲಭ. ಅದರಲ್ಲಿರುವುದು ಆಗಲೇ ಡಿಜಿಟಲ್. ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್ಲಿನಲ್ಲಿ ತೆಗೆದರೆ ಟೇಪಿನಲ್ಲಿ ಇದ್ದದ್ದೇ ಹಾಗೇ ಕಾಪಿ ಆಗುತ್ತದೆ, ಗಂಟೆಗೆ ಸುಮಾರು 13 ಜಿಬಿ. ಹಳದಿ-ಕೆಂಪು-ಬಿಳಿ ಕೇಬಲ್ಲಿನಲ್ಲಿ ಮಾತ್ರ ತೆಗೆಯಬೇಡಿ, ಸುಮ್ನೆ ಗುಣಮಟ್ಟ ಹಾಳು. ಹೊಸ ಕಂಪ್ಯೂಟರ್‌ಗಳಲ್ಲಿ ಫೈರ್‌ವೈರ್ ಪೋರ್ಟ್ ಇರುವುದಿಲ್ಲ, ಹಾಗಾಗಿ ಅದು ಇರುವ ಹಳೆಯ ಲ್ಯಾಪ್‌ಟಾಪ್ ಒಂದನ್ನು ಹುಡುಕಿಕೊಳ್ಳುವುದೇ ನೆಟ್ಟಗಿನ ದಾರಿ. ವಿಂಡೋಸ್‌ನಲ್ಲಿ ವಿನ್‌ಡಿವಿ ಎಂಬ ಸಾಫ್ಟ್‌ವೇರ್ ಸಾಕು. ಚಿತ್ರದಲ್ಲಿ ಚೌಕ ಚೌಕ ಬಂದರೆ ಮೊದಲು ಕ್ಯಾಮೆರಾದ ಹೆಡ್, ಅಂದರೆ ಟೇಪು ಓದುವ ಭಾಗ, ಕ್ಲೀನ್ ಮಾಡಿ, ಆಗಲೂ ಬಂದರೆ ಬೇರೆ ಕ್ಯಾಮೆರಾದಲ್ಲಿ ಹಾಕಿ ನೋಡಿ.

ಜಾಸ್ತಿ ಕೆಲಸ ಇರುವುದು ವಿಎಚ್‌ಎಸ್‌ನಲ್ಲಿ. ಮೊದಲು ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮುರಿಯಿರಿ, ಆಗ ತಪ್ಪಿ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಪ್ಲೇಯರ್‌ಗೆ ಹಾಕಲೇಬೇಡಿ, ಬೂಷ್ಟು ಹೆಡ್‌ಗೆ ಅಂಟಿ ಮುಂದಿನ ಟೇಪಿಗೂ ಹೋಗುತ್ತದೆ. ಚೆನ್ನಾಗಿದ್ದರೆ ಒಂದು ಸಲ ಕೊನೆವರೆಗೆ ಓಡಿಸಿ, ರಿವೈಂಡ್ ಮಾಡಿ, ಆಮೇಲೆ ಪ್ಲೇ ಮಾಡಿ. ಎಸ್-ವಿಡಿಯೋ (ಬೆಳಕು, ಬಣ್ಣ ಬೇರೆ ಬೇರೆಯಾಗಿ ಕಳಿಸುವ) ಔಟ್‌ಪುಟ್ ಇರುವ ಎಸ್-ವಿಎಚ್‌ಎಸ್, ಅಂದರೆ ವಿಎಚ್‌ಎಸ್‌ನ ಮೇಲ್ದರ್ಜೆಯ, ಪ್ಲೇಯರ್ ಸಿಕ್ಕರೆ ಬಹಳ ಒಳ್ಳೆಯದು.

ಇನ್ನು ನಿಮ್ಮ ಧ್ವನಿಯ ತೊಂದರೆ. ಹಳೆಯ ಟೇಪು ಓಡುವಾಗ ಚಿತ್ರದ ಪ್ರತಿ ಅಡ್ಡಗೆರೆಯೂ ಸರಿಯಾದ ಹೊತ್ತಿಗೆ ಶುರುವಾಗುವುದಿಲ್ಲ, ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಬಾಗಿಲಿನ ನೇರ ಅಂಚು ಸೊಟ್ಟಗೆ ಅಲುಗಾಡುವುದು ಅದಕ್ಕೇ. ಸಿಗ್ನಲ್ ಜಾಸ್ತಿ ಕೆಟ್ಟರೆ ಕ್ಯಾಪ್ಚರ್ ಸಾಧನ ಒಂದೊಂದು ಫ್ರೇಮನ್ನೇ ಬಿಟ್ಟುಬಿಡುತ್ತದೆ, ಧ್ವನಿ ಮಾತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ. ನಿಮ್ಮ ಫೈಲಿನ ಶುರು, ಕೊನೆ ಎರಡನ್ನೂ ನೋಡಿ. ವ್ಯತ್ಯಾಸ ಎಲ್ಲ ಕಡೆ ಒಂದೇ ಇದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಆಯಿತು. ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತಿದ್ದರೆ ಫ್ರೇಮುಗಳು ಬಿಟ್ಟುಹೋಗಿವೆ ಎಂದೇ ಮೊದಲು ಅನುಮಾನ ಪಡಿ. ಆಗ ಧ್ವನಿಯನ್ನು ಎಳೆದು ಹೊಂದಿಸಲು ಹೋಗಬೇಡಿ, ಮತ್ತೆ ಇಳಿಸಿಕೊಳ್ಳಿ. ಗೆರೆಗಳ ಹೊತ್ತನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್, ಅಂದರೆ ಟಿಬಿಸಿ, ಇರುವುದು ಇದಕ್ಕೇ. ಕೆಲವು ಎಸ್-ವಿಎಚ್‌ಎಸ್ ಪ್ಲೇಯರ್‌ಗಳ ಒಳಗೇ ಇರುತ್ತದೆ. ಅದು ಸಿಗದಿದ್ದರೆ ಮಧ್ಯೆ ಒಂದು ಹಳೆಯ ಡಿವಿಡಿ ರೆಕಾರ್ಡರ್ ಇಟ್ಟು ಅದರ ಮೂಲಕ ಸಿಗ್ನಲ್ ಹಾಯಿಸಿ ನೋಡಿ, ಕೆಲವು ಮಾಡೆಲ್‌ಗಳು ಚಿತ್ರವನ್ನು ಚೆನ್ನಾಗಿ ನಿಲ್ಲಿಸುತ್ತವೆ.

ಇಳಿಸುವಾಗ ಏನನ್ನೂ ಸರಿಮಾಡಬೇಡಿ. ವರ್ಚುವಲ್‌ಡಬ್ ಎಂಬ ಸಾಫ್ಟ್‌ವೇರ್‌ನಲ್ಲಿ ಹಫ್‌ವೈಯುವಿ ಥರದ, ಏನೂ ಕಳೆಯದ ಕೋಡೆಕ್ (ವಿಡಿಯೋ ಕಂಪ್ರೆಸ್ ಮಾಡುವ ವಿಧಾನ) ಹಾಕಿ, ಪಾಲ್ (ನಮ್ಮ ಭಾರತದ ಟೀವಿ ಪದ್ಧತಿ) ಟೇಪಾದರೆ 720×576, ಎನ್‌ಟಿಎಸ್‌ಸಿ (ಅಮೆರಿಕದ್ದು) ಆದರೆ 720×480, ಬಾಚಣಿಗೆ ಗೆರೆಗಳು ಇದ್ದ ಹಾಗೇ ಇರಲಿ. ಕಂಪ್ರೆಸ್ ಮಾಡದಿದ್ದರೆ ಗಂಟೆಗೆ ಸುಮಾರು 75 ಜಿಬಿ ಆಗುತ್ತದೆ, ಈ ಕೋಡೆಕ್‌ನಿಂದ ಅದು ಬಹಳಷ್ಟು ಇಳಿಯುತ್ತದೆ. ಆದರೂ ದೊಡ್ಡ ಫೈಲೇ. ಇದನ್ನು ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ ಇಟ್ಟು, ಎಡಿಟಿಂಗ್ ಎಲ್ಲ ಕಾಪಿಯ ಮೇಲೆ ಮಾಡಿ.

ಆ ಬಾಚಣಿಗೆ ಗೆರೆ ದೋಷವಲ್ಲ. ಪಾಲ್ ವಿಡಿಯೋದಲ್ಲಿ ಸೆಕೆಂಡಿಗೆ ಬರುವ 25 ಫ್ರೇಮುಗಳಲ್ಲಿ ನಿಜವಾಗಿ 50 ಅರ್ಧಚಿತ್ರಗಳಿವೆ (ಇವನ್ನೇ ಫೀಲ್ಡ್ ಎನ್ನುವುದು), ಒಂದಕ್ಕೂ ಇನ್ನೊಂದಕ್ಕೂ ಸೆಕೆಂಡಿನ 50ನೇ ಒಂದು ಭಾಗ ಅಂತರ. ಎರಡನ್ನೂ ಒಟ್ಟಿಗೆ ತೋರಿಸಿದರೆ ಅಲ್ಲಾಡುವ ಕೈ ಎರಡು ಕಡೆ ಕಾಣುತ್ತದೆ, ಅಲ್ವಾ? ಇದನ್ನು ಬಿಡಿಸುವುದೇ ಡಿಇಂಟರ್‌ಲೇಸಿಂಗ್. ನಾನು ಬಳಸುವುದು ಅವಿಸಿಂತ್ ಎಂಬ, ಸ್ಕ್ರಿಪ್ಟ್ ಬರೆದು ವಿಡಿಯೋ ಸರಿಮಾಡುವ ಸಾಫ್ಟ್‌ವೇರ್‌ನ ಕ್ಯೂಟಿಜಿಎಂಸಿ ಫಿಲ್ಟರ್. ಸ್ಕ್ರಿಪ್ಟ್ ಬರೆಯಲು ಬೇಜಾರಾದರೆ ಹೈಬ್ರಿಡ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಬಟನ್ ಒತ್ತಿಯೇ ಮಾಡಬಹುದು. 25 ಅಲ್ಲ, 50 ಫ್ರೇಮಿಗೆ ಬಿಡಿಸಿ, ಮಗು ಓಡುವುದು ಟೀವಿಯಲ್ಲಿ ನೋಡಿದ ಹಾಗೇ ಸಲೀಸಾಗಿ ಕಾಣುತ್ತದೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು, ವಿಎಚ್‌ಎಸ್ ಕ್ಯಾಪ್ಚರ್‌ನಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಇದು ತಪ್ಪಿದರೆ ಚಿತ್ರ ಹಿಂದೆ ಮುಂದೆ ತೊನೆಯುತ್ತದೆ.

ಬಣ್ಣ, ಬೆಳಕು ಎಲ್ಲ ಆಮೇಲೆ. ಚಿತ್ರದ ತಳದಲ್ಲಿ ಹರಿದ ಹಾಗೆ ಕಾಣುವ ಪಟ್ಟಿ ವಿಎಚ್‌ಎಸ್‌ನಲ್ಲಿ ಇದ್ದೇ ಇರುತ್ತದೆ, ಕಪ್ಪು ಪಟ್ಟಿಯಿಂದ ಮುಚ್ಚಿಬಿಡಿ. ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳು ಕಾಳು, ಸ್ವಲ್ಪವೇ ತೆಗೆಯಿರಿ. ಎಐ ಹಾಕಿ ದೊಡ್ಡದು ಮಾಡುವ ಸಾಫ್ಟ್‌ವೇರ್‌ಗಳನ್ನೂ ನೋಡಿದ್ದೇನೆ. ಮರ, ಗೋಡೆ ಚೆನ್ನಾಗಿ ಬರುತ್ತವೆ. ಆದರೆ ದೂರದಲ್ಲಿ ನಿಂತ ಅಜ್ಜಿಯ ಮುಖಕ್ಕೆ ಅದು ತಾನೇ ಕಣ್ಣು, ಹಲ್ಲು ಬರೆದಿತ್ತು. ಅದು ನಮ್ಮ ಅಜ್ಜಿ ಅಲ್ಲ. ಆ ಕಾಪಿಯನ್ನು ನಾನು ಅಳಿಸಿದೆ.

ಇನ್ನೊಂದು ಮಾತು. ಚಿತ್ರ ಮುಗಿದು ನೀಲಿ ಪರದೆ ಬಂತು ಅಂತ ರೆಕಾರ್ಡಿಂಗ್ ನಿಲ್ಲಿಸಬೇಡಿ, ಟೇಪು ತಾನಾಗಿ ನಿಲ್ಲುವವರೆಗೂ ಬಿಡಿ. ನಮ್ಮ ಒಂದು ಕ್ಯಾಸೆಟ್ಟಿನಲ್ಲಿ ಬಹಳ ಹೊತ್ತು ಏನೂ ಇರಲಿಲ್ಲ, ಆಮೇಲೆ ಯಾರೋ ಕ್ಯಾಮೆರಾ ಆನ್ ಮಾಡಿ ಮೇಜಿನ ಮೇಲೆ ಮರೆತು ಹೋಗಿದ್ದರು. ಕಾಣುವುದು ಬರೀ ಗೋಡೆ, ಹಿಂದೆ ಅಜ್ಜಿ ಯಾರನ್ನೋ ಊಟಕ್ಕೆ ಕರೆಯುತ್ತಿದ್ದಾಳೆ. ಅವಳ ದನಿ ನಮ್ಮ ಹತ್ತಿರ ಇರುವುದು ಅಷ್ಟೇ.